ಇನ್ನೂರು ರೂಪಾಯಿ ಒಳಗಿನ ಇಂಕು ಪೆನ್ನು: ಕೊಳ್ಳುವಾಗ, ಕೊಂಡ ಮೇಲೆ

(ಶಿವಮೊಗ್ಗದಲ್ಲಿ ಶಿಕ್ಷಕರೂ ಪೋಷಕರೂ ಸೇರಿದ್ದ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಇಂಕು ಪೆನ್ನಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಕರೆದವರು ಕೇಳಿದ ಮೊದಲ ಪ್ರಶ್ನೆ, “ಹಳೇ ಕಾಲದ ನೆನಪುಗಳಾ ಮೇಷ್ಟ್ರೇ?” ಎಂದು. ಅಲ್ಲ. ಜೇಬಿನ ಮೇಲಿನ ಕಲೆ, ಮುಂದಿನ ಬೆಂಚಿನವನ ಅಂಗಿಗೆ ಇಂಕು ಕೊಡವಿದ್ದು, ಪರೀಕ್ಷೆ ಹಾಲಿನಲ್ಲಿ ನಾಲ್ಕು ತೊಟ್ಟು ಸಾಲ ಕೊಟ್ಟಿದ್ದು, ಇದನ್ನೆಲ್ಲ ಬೇಕಾದಷ್ಟು ಜನ ಹೇಳಿ ಮುಗಿಸಿದ್ದಾರೆ. ನಾನು ಹೇಳಲು ಬಂದಿರುವುದು ಇವತ್ತಿನ ಮಾತು. ನಾಳೆ ನಿಮ್ಮ ಬೀದಿಯ ಪುಸ್ತಕದಂಗಡಿಗೆ ಹೋಗಿ, ಇನ್ನೂರು ರೂಪಾಯಿ ಒಳಗೆ ಒಂದು ಇಂಕು ಪೆನ್ನು ತಂದರೆ ಅದನ್ನು ಹೇಗೆ ಪರೀಕ್ಷಿಸಬೇಕು, ಹೇಗೆ ಬರೆಯುವಂತೆ ಮಾಡಿಕೊಳ್ಳಬೇಕು, ಅಷ್ಟೇ. ಭೌತಶಾಸ್ತ್ರದ ಮೇಷ್ಟ್ರಾಗಿದ್ದವನು ನಾನು, ಹಾಗಾಗಿ ನಡುವೆ ಸ್ವಲ್ಪ ಲೆಕ್ಕವೂ ಬರುತ್ತದೆ. ಸಹಿಸಿಕೊಳ್ಳಿ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಅಗ್ಗದ ಇಂಕು ಪೆನ್ನು ಕೆಟ್ಟ ಪೆನ್ನಲ್ಲ, ಕೆಲಸ ಪೂರ್ತಿ ಮುಗಿಯದ ಪೆನ್ನು. ಉಕ್ಕಿನ ತಗಡನ್ನು ಅಚ್ಚಿಗೆ ಒತ್ತಿ ನಿಬ್ಬು ತೆಗೆಯುವುದು, ಪ್ಲಾಸ್ಟಿಕ್ಕನ್ನು ಎರಕ ಹೊಯ್ದು ಕೊಳವೆ ಮಾಡುವುದು, ಇವೆಲ್ಲ ಯಂತ್ರದ ಕೆಲಸ. ಐವತ್ತು ರೂಪಾಯಿ ಪೆನ್ನಿನ ಉಕ್ಕಿನ ನಿಬ್ಬೂ ಸಾವಿರ ರೂಪಾಯಿ ಪೆನ್ನಿನ ಉಕ್ಕಿನ ನಿಬ್ಬೂ ಬರೆಯುವುದು ಒಂದೇ ತತ್ವದ ಮೇಲೆ. ವ್ಯತ್ಯಾಸ ಬೀಳುವುದು ಕೊನೆಯ ಹತ್ತು ನಿಮಿಷದಲ್ಲಿ. ಬೆಲೆ ಜಾಸ್ತಿ ಇರುವ ಕಡೆ ಸಾಮಾನ್ಯವಾಗಿ ಒಬ್ಬರು ಕೂತು, ಭೂತಗನ್ನಡಿ ಹಿಡಿದು ನಿಬ್ಬಿನ ತುದಿ ಸರಿಯಿದೆಯೇ ನೋಡಿ, ಉಜ್ಜಿ, ಬರೆದು, ಆಮೇಲೆ ಡಬ್ಬಿಗೆ ಹಾಕುತ್ತಾರೆ. ಅಗ್ಗದ ಪೆನ್ನಿನಲ್ಲಿ ಆ ಕೂಲಿ ಉಳಿಸಿದ್ದಾರೆ. ಆ ಹತ್ತು ನಿಮಿಷ ನಾವು ಹಾಕಬೇಕು. ಹಾಕದೆ, ತಂದ ಕೂಡಲೇ ಇಂಕು ತುಂಬಿಸಿ, ಎರಡು ಸಾಲು ಗೀಚಿ, “ಥೂ, ಈಗಿನ ಪೆನ್ನುಗಳು ಎಂಥದ್ದೂ ಸರಿಯಿಲ್ಲ” ಎಂದು ಮೂಲೆಗೆ ಎಸೆಯುವುದು ನಮ್ಮ ರೂಢಿ.

ಪೆನ್ನು ಬರೆಯುವುದು ಹೇಗೆ ಎನ್ನುವುದನ್ನು ಒಂದು ನಿಮಿಷದಲ್ಲಿ ಮುಗಿಸುತ್ತೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ಆಧಾರ. ನಿಬ್ಬಿನ ಕೆಳಗೆ ಒಂದು ಕಪ್ಪು ಪಟ್ಟಿ ಇರುತ್ತದಲ್ಲ, ಅದನ್ನು ನಾನು ನಾಲಿಗೆ ಎನ್ನುತ್ತೇನೆ. ಅದರ ಮೇಲ್ಮೈಯಲ್ಲಿ ತುಂಬಾ ಸಣ್ಣ ಗೆರೆಗಳಿವೆ. ಒಳಗಿನ ಇಂಕು ಆ ಗೆರೆಗಳಲ್ಲಿ ಹರಿದು ನಿಬ್ಬಿನ ಸೀಳಿಗೆ ಬರುತ್ತದೆ, ಸೀಳಿನಿಂದ ಕಾಗದಕ್ಕೆ. ದೀಪದ ಬತ್ತಿಗೆ ಎಣ್ಣೆ ಏರುವ ಲೋಮನಾಳ ಕ್ರಿಯೆಯೇ ಇದು. ಆದರೆ ಒಂದು ತೊಡಕಿದೆ: ಎಷ್ಟು ಇಂಕು ಹೊರಬರುತ್ತದೋ ಅಷ್ಟೇ ಗಾಳಿ ಒಳಹೋಗಬೇಕು. ಹೋಗದಿದ್ದರೆ ಒಳಗೆ ಒತ್ತಡ ತಗ್ಗಿ ಇಂಕು ನಿಲ್ಲುತ್ತದೆ. ತೀರಾ ಸಲೀಸಾಗಿ ಹೋದರೆ ಇಂಕು ದಬದಬ ಸುರಿಯುತ್ತದೆ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಈ ನಾಲಿಗೆಯ ಗೆರೆಗಳಿಗೇ. ಅಲ್ಲಿಂದ ಈಚೆಗೆ ಬಣ್ಣ, ಕ್ಲಿಪ್ಪು, ತುಂಬಿಸುವ ಬಗೆ ಎಲ್ಲ ಬದಲಾದವು, ಇದು ಮಾತ್ರ ಬದಲಾಗಲಿಲ್ಲ.

ಇನ್ನು ಅಂಗಡಿಗೆ ಹೋಗೋಣ.

ಈಗ ಸಾಮಾನ್ಯ ಅಂಗಡಿಯಲ್ಲಿ ಏನೇನು ಸಿಗುತ್ತದೆ? ಶಾಲೆಯ ಹತ್ತಿರದ ಅಂಗಡಿಯಾದರೆ ಕ್ಯಾಮ್ಲಿನ್, ಫ್ಲೇರ್‌ನವರ ಇಂಕಿ. ಕಾರ್ಟ್ರಿಜ್, ಅಂದರೆ ಇಂಕು ತುಂಬಿದ ಚಿಕ್ಕ ಪ್ಲಾಸ್ಟಿಕ್ ಕೊಳವೆ, ಹಾಕುವ ಪೆನ್ನುಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ, ಎರಡೋ ಮೂರೋ ಕಾರ್ಟ್ರಿಜ್ ಸಮೇತ ತೂಗುಹಾಕಿರುತ್ತವೆ. ಸ್ವಲ್ಪ ಹಳೆಯ ಅಂಗಡಿಯಾದರೆ ಚೀನಾದ ಹೀರೋ. ಇನ್ನೂ ಹಳೆಯದಾದರೆ, ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ, ಗಾಜಿನ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಸರ್ವೆಕ್ಸ್, ಏರ್‌ಮೇಲ್ ತರಹದ, ಫಿಲ್ಲರಿನಲ್ಲಿ ಇಂಕು ಹಾಕುವ ಪೆನ್ನುಗಳು ರಟ್ಟಿನ ಡಬ್ಬಿಯಲ್ಲಿ ಒಟ್ಟಿಗೆ ಬಿದ್ದಿರುತ್ತವೆ. ಅಂಗಡಿಯವರಿಗೇ ಅದು ಮರೆತಿರುತ್ತದೆ. “ಇಂಕು ಪೆನ್ನು ಇದೆಯಾ?” ಎಂದರೆ ಮೊದಲು ಜೆಲ್ ಪೆನ್ನು ತೋರಿಸುತ್ತಾರೆ. “ಅದಲ್ಲ ಅಣ್ಣಾ, ಇಂಕು ತುಂಬ್ಸೋದು” ಎಂದರೆ ಒಮ್ಮೆ ನಮ್ಮ ಮುಖ ನೋಡಿ, ಸ್ಟೂಲು ಹತ್ತುತ್ತಾರೆ.

ಹೀರೋ ಪೆನ್ನಿನ ಬಗ್ಗೆ ಒಂದು ಮಾತು. ಅದರ ನಿಬ್ಬು ಪೂರ್ತಿ ಕಾಣುವುದಿಲ್ಲ, ತುದಿ ಮಾತ್ರ ಇಣುಕುತ್ತದೆ. ಅಮೆರಿಕದ ಪಾರ್ಕರ್ ಕಂಪನಿ 1941ರಲ್ಲಿ ಮಾರುಕಟ್ಟೆಗೆ ತಂದ ‘ಪಾರ್ಕರ್ 51’ರ ರೂಪ ಅದು. ಬೇಗ ಒಣಗುವ ಇಂಕನ್ನು ಬಳಸಲೆಂದು ಮಾಡಿದ ಪೆನ್ನು. ನಿಬ್ಬು ತೆರೆದಿದ್ದರೆ ಇಂಕು ಅಲ್ಲೇ ಒಣಗಿಬಿಡುತ್ತದೆಂದು ಅದನ್ನು ಮುಸುಕಿನೊಳಗೆ ಇಟ್ಟರು. ಶಾಂಘೈನವರು ಅದನ್ನೇ ಹಿಡಿದು ಹೀರೋ 616, ಹೀರೋ 329 ಮುಂತಾದವನ್ನು ಮಾಡಿದರು. ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯುವ ನಮಗೆ ಈ ಮುಸುಕು ವರದಾನ: ಯೋಚಿಸುತ್ತಾ ಎರಡು ನಿಮಿಷ ಪೆನ್ನು ಹಾಗೇ ಹಿಡಿದಿದ್ದರೂ ಮತ್ತೆ ಬರೆಯುತ್ತದೆ. ಕಷ್ಟ ಏನೆಂದರೆ, ಏನಾದರೂ ಕೆಟ್ಟರೆ ಒಳಗೆ ಏನಾಗಿದೆ ಎಂದು ಕಾಣುವುದಿಲ್ಲ. ಜೊತೆಗೆ ನಕಲಿ ಹೀರೋಗಳೂ ಪೇಟೆಯಲ್ಲಿ ಧಾರಾಳ. ಕ್ಯಾಪಿನ ಮೇಲಿನ ಹೆಸರು ನೋಡಿ ನಂಬುವುದಕ್ಕಿಂತ ಮುಂದೆ ಹೇಳುವ ಪರೀಕ್ಷೆ ಮಾಡಿ ನಂಬುವುದು ವಾಸಿ.

ಪರೀಕ್ಷೆಗೆ ಇಂಕು ಬೇಡ. ಕೊಳ್ಳುವ ಮುಂಚೆ ಇಂಕು ತುಂಬಿಸಲು ಯಾವ ಅಂಗಡಿಯವರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಮೊದಲು ಪೆನ್ನಿನ ಕ್ಯಾಪು ತೆಗೆದು ನಿಬ್ಬನ್ನು ಬೆಳಕಿಗೆ ಹಿಡಿಯಿರಿ. ಮಧ್ಯದ ಸೀಳು ಮೇಲಿನ ತೂತಿನಿಂದ ಶುರುವಾಗಿ ತುದಿಗೆ ಬರುತ್ತಾ ಸಣ್ಣದಾಗಬೇಕು, ತುದಿಯಲ್ಲಿ ಹೆಚ್ಚುಕಡಿಮೆ ಮುಚ್ಚಿಕೊಂಡಿರಬೇಕು. ತುದಿಯಲ್ಲಿ ಅಗಲವಾಗಿ ಬೆಳಕು ಕಂಡರೆ ಆ ಪೆನ್ನು ಬೇಡ, ಇಂಕು ಅಲ್ಲಿಯವರೆಗೆ ಇಳಿಯುವುದಿಲ್ಲ. ಆಮೇಲೆ ನಿಬ್ಬನ್ನು ಎದುರಿನಿಂದ, ತುದಿ ನಿಮ್ಮ ಕಣ್ಣಿಗೆ ನೇರವಾಗಿರುವಂತೆ ಹಿಡಿದು ನೋಡಿ. ನಿಬ್ಬಿನ ಎರಡು ಕಾಲುಗಳು ಒಂದೇ ಎತ್ತರದಲ್ಲಿವೆಯೇ? ಒಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಇದ್ದರೂ ಬರೆಯುವಾಗ ಒಂದು ದಿಕ್ಕಿನಲ್ಲಿ ಕೆರೆಯುತ್ತದೆ. ಕಣ್ಣು ಸಾಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ವಾಚ್ ರಿಪೇರಿಯವರ ಹತ್ತುಪಟ್ಟು ಮಸೂರ ಇದ್ದರಂತೂ ಇನ್ನೂ ಒಳ್ಳೆಯದು. ನನ್ನ ಜೇಬಿನಲ್ಲಿ ಸದಾ ಒಂದು ಇರುತ್ತದೆ. ಕೆಲವು ಅಂಗಡಿಯವರು ನನ್ನನ್ನು ತೂಕ ಅಳತೆ ಇಲಾಖೆಯವನೆಂದು ತಿಳಿದು ಚಹಾ ತರಿಸಿದ್ದೂ ಉಂಟು.

ಆ ಮಸೂರದಲ್ಲಿ ನೋಡಿದರೆ ಅಗ್ಗದ ನಿಬ್ಬಿನ ತುದಿ ಬಹಳ ಸ್ವಾರಸ್ಯವಾಗಿ ಕಾಣುತ್ತದೆ. ಬೆಲೆಯ ಪೆನ್ನಿನಲ್ಲಿ ತುದಿಗೆ ಒಂದು ಗಟ್ಟಿ ಮಿಶ್ರಲೋಹದ ಹರಳನ್ನು ಬೆಸೆದು, ಅದನ್ನು ಸೀಳಿರುತ್ತಾರೆ. ಅತಿ ಅಗ್ಗದ ಪೆನ್ನಿನಲ್ಲಿ ಹರಳೇ ಇರುವುದಿಲ್ಲ. ನಿಬ್ಬಿನ ಉಕ್ಕನ್ನೇ ತುದಿಯಲ್ಲಿ ಮಡಚಿ, ಒತ್ತಿ, ಉಂಡೆ ಮಾಡಿರುತ್ತಾರೆ. ಪಕ್ಕದಿಂದ ನೋಡಿದರೆ ಮಡಿಕೆ ಕಾಣುತ್ತದೆ. ಇದು ಮೋಸವೇನಲ್ಲ. ಚೆನ್ನಾಗಿ ಮಡಚಿದ ತುದಿ ಬಹಳ ನುಣುಪಾಗಿ ಬರೆಯುತ್ತದೆ. ಒಂದೇ ಎಚ್ಚರಿಕೆ: ಮೆದು ಉಕ್ಕು, ಬೇಗ ಸವೆಯುತ್ತದೆ, ಹಾಗಾಗಿ ಅದನ್ನು ಜಾಸ್ತಿ ಉಜ್ಜಬಾರದು. ನಾವು ಹುಡುಗರಾಗಿದ್ದಾಗ ಕೆರೆಯುವ ನಿಬ್ಬನ್ನು ಶಾಲೆಯ ಜಗಲಿಯ ಕಡಪ ಕಲ್ಲಿಗೆ ಉಜ್ಜುತ್ತಿದ್ದೆವಲ್ಲ, ಆಗ ಎರಡು ದಿನ ಚೆನ್ನಾಗಿ ಬರೆದು ಮೂರನೆಯ ದಿನ ತುದಿಯೇ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ. ನಿಬ್ಬಿನ ಕೆಲಸಕ್ಕೆಂದೇ ಒಂದು ಕಾಲಕ್ಕೆ ಹೆಸರಾಗಿದ್ದ ಊರು ತಮಿಳುನಾಡಿನ ಸಾತ್ತೂರು. ಸಣ್ಣಸಣ್ಣ ಕೊಟ್ಟಿಗೆಗಳಲ್ಲಿ ಕೈಯಂತ್ರ ಇಟ್ಟುಕೊಂಡು ನಿಬ್ಬು ಒತ್ತುವ ಗೃಹ ಕೈಗಾರಿಕೆ ಅಲ್ಲಿತ್ತು. ಬಾಲ್ ಪೆನ್ನು ಬಂದು ಅದರ ಬೆನ್ನು ಮುರಿಯಿತು.

ಕ್ಯಾಪಿನೊಳಗೆ ಇಣುಕಿ ನೋಡುವುದನ್ನು ಯಾರೂ ಮಾಡುವುದಿಲ್ಲ, ಆದರೆ ನನ್ನ ಪ್ರಕಾರ ಅರ್ಧ ಪರೀಕ್ಷೆ ಅದೇ. ಈಗಿನ ಅನೇಕ ಕ್ಯಾಪುಗಳ ತಲೆಯಲ್ಲಿ ತೂತು ಇರುತ್ತದೆ. ಮಕ್ಕಳು ಅಕಸ್ಮಾತ್ ನುಂಗಿದರೆ ಉಸಿರು ಕಟ್ಟದಿರಲೆಂದು ಮಾಡಿದ್ದು, ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಒಳ್ಳೆಯದೇ. ಆದರೆ ಆ ಕ್ಯಾಪಿನೊಳಗೆ ನಿಬ್ಬಿಗೆ ಅಂತ ಮತ್ತೊಂದು ಚಿಕ್ಕ ಒಳಕ್ಯಾಪು ಇರಬೇಕು. ಇಲ್ಲದಿದ್ದರೆ ಆ ತೂತಿನಿಂದ ಗಾಳಿಯಾಡಿ, ರಾತ್ರಿ ಮುಚ್ಚಿಟ್ಟ ಪೆನ್ನು ಬೆಳಿಗ್ಗೆ ಬರೆಯುವುದಿಲ್ಲ. ಬರೆಯದ ಪೆನ್ನನ್ನು ಮಗು ಕೊಡವುತ್ತದೆ. ಆಮೇಲೆ ಗೋಡೆ, ಸಮವಸ್ತ್ರ, ಅಮ್ಮನ ಬೈಗುಳ. ಇಷ್ಟಕ್ಕೆಲ್ಲ ಮೂಲ ಒಂದು ಒಳಕ್ಯಾಪು.

ಕೊನೆಯದಾಗಿ, ಒಣ ನಿಬ್ಬಿನಿಂದಲೇ ಕಾಗದದ ಮೇಲೆ ಮೆಲ್ಲಗೆ, ಭಾರ ಹಾಕದೆ, ಕನ್ನಡದ ಎಂಟರ ಅಂಕಿ ಮತ್ತು ಇಂಗ್ಲಿಷಿನ ಎಂಟರ ಅಂಕಿ ಬರೆದು ನೋಡಿ. ಕೈಗೆ ಎಲ್ಲಾದರೂ ಸಿಕ್ಕಿಕೊಂಡ ಹಾಗೆ ಅನ್ನಿಸಿದರೆ ಇನ್ನೊಂದು ಪೆನ್ನು ಕೇಳಿ. ಒಂದೇ ಡಬ್ಬಿಯ ಪೆನ್ನುಗಳಲ್ಲೂ ಒಂದರಂತೆ ಒಂದು ಇರುವುದಿಲ್ಲ, ಹಾಗಾಗಿ ಅಗ್ಗದ ಪೆನ್ನಿನಲ್ಲಿ ಬ್ರ್ಯಾಂಡಿಗಿಂತ ಆಯ್ಕೆ ಮುಖ್ಯ.

ಮನೆಗೆ ತಂದಿರಿ. ಇಂಕು ಬಾಟಲಿಗೆ ಕೈ ಹಾಕಬೇಡಿ. ಮೊದಲು ಸ್ನಾನ. ಕಾರ್ಖಾನೆಯ ಎಣ್ಣೆಯ ಪಸೆ ನಿಬ್ಬಿನ ಮೇಲೆ, ನಾಲಿಗೆಯ ಗೆರೆಗಳಲ್ಲಿ ಉಳಿದಿರುತ್ತದೆ. ಎಣ್ಣೆ ಇದ್ದಲ್ಲಿ ನೀರಿನಂಥ ಇಂಕು ನಿಲ್ಲುವುದಿಲ್ಲ, ತುಂಡುತುಂಡಾಗಿ ಬರೆಯುತ್ತದೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ತೊಟ್ಟು ಹಾಕಿ, ನಿಬ್ಬಿನ ಭಾಗವನ್ನು ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ನಾಲಿಗೆಯನ್ನು ಮೆಲ್ಲಗೆ ಉಜ್ಜಿ, ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಪಿನ ಅಂಶ ಉಳಿಯಬಾರದು, ಉಳಿದರೆ ಇಂಕು ಕಾಗದದಲ್ಲಿ ಹರಡುತ್ತದೆ. ನಾನು ತಂದ ಪೆನ್ನುಗಳಲ್ಲಿ “ಇದು ಬರೆಯುವುದೇ ಇಲ್ಲ” ಎನ್ನುವಂಥವು ಬಹುಪಾಲು ಇಷ್ಟಕ್ಕೇ ಸರಿಹೋಗಿವೆ.

ತೊಳೆದ ಮೇಲೂ ಕೆರೆದರೆ, ಮಸೂರದಲ್ಲಿ ನೋಡಿ ಯಾವ ಕಾಲು ಮೇಲಿದೆಯೋ ಅದನ್ನು ಹೆಬ್ಬೆರಳಿನ ಉಗುರಿನಿಂದ ಸ್ವಲ್ಪವೇ ಕೆಳಗೆ ಒತ್ತಿ ಬಿಡಿ. ಮತ್ತೆ ನೋಡಿ. ಮತ್ತೆ ಒತ್ತಿ. ಇದು ಬಲದ ಕೆಲಸವಲ್ಲ. ಇಂಕು ಕಮ್ಮಿ ಬಂದರೆ ಸೀಳು ಬಿಗಿಯಾಗಿದೆ ಎಂದರ್ಥ. ಹಿತ್ತಾಳೆಯ ತೆಳು ಹಾಳೆ ಸಿಕ್ಕರೆ ಅದನ್ನು ಸೀಳಿನಲ್ಲಿ ಒಂದೆರಡು ಸಲ ಎಳೆಯಬೇಕು. ಹಿಂದೆ ಎಲ್ಲರೂ ಗಡ್ಡದ ಬ್ಲೇಡು ತೂರಿಸುತ್ತಿದ್ದರು, ನಾನೂ ತೂರಿಸಿದ್ದೇನೆ, ಆದರೆ ಬ್ಲೇಡು ನಿಬ್ಬಿಗಿಂತ ಗಟ್ಟಿ, ಒಳಗೆ ಗೀರು ಬೀಳುತ್ತದೆ. ಇನ್ನು ನುಣುಪು ಮಾಡಲು ಆನ್‌ಲೈನಿನಲ್ಲಿ ವಿಶೇಷ ಕಾಗದಗಳು ಸಿಗುತ್ತವೆ. ನನಗೆ ಗಾಂಧಿ ಬಜಾರಿನ ಫ್ಯಾನ್ಸಿ ಸ್ಟೋರಿನಲ್ಲಿ ಉಗುರು ಹೊಳಪು ಮಾಡುವ ಪಟ್ಟಿ ಸಿಕ್ಕಿತು. ಅದರ ಅತಿ ನುಣುಪಾದ ಮುಖದ ಮೇಲೆ, ಇಂಕು ಸಮೇತ, ಭಾರ ಹಾಕದೆ ನಾಲ್ಕು ಎಂಟರ ಅಂಕಿ ಬರೆದರೆ ಸಾಕು. ಐದನೆಯದು ಬೇಡ. ಉಜ್ಜಿದ್ದು ಜಾಸ್ತಿಯಾದರೆ ತುದಿಯ ಒಳ ಅಂಚುಗಳು ಗುಂಡಗಾಗಿ, ಇಂಕು ಕಾಗದಕ್ಕೆ ತಾಗದೆ ಮೇಲೇ ನಿಲ್ಲುತ್ತದೆ. ನೋಡಲು ಹೊಳೆಯುವ ನಿಬ್ಬು, ಪ್ರತಿ ಪದದ ಮೊದಲ ಗೆರೆ ಮಾತ್ರ ಮೂಡುವುದಿಲ್ಲ.

ಫಿಲ್ಲರಿನಲ್ಲಿ ಇಂಕು ಹಾಕುವ ನಮ್ಮ ದೇಶದ ಪೆನ್ನುಗಳಲ್ಲಿ ನಾಲಿಗೆ ಎಬೊನೈಟಿನದಾಗಿದ್ದರೆ ಇನ್ನೊಂದು ಅನುಕೂಲ ಇದೆ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಸ್ವಲ್ಪ ಮೆತ್ತಗಾಗುತ್ತದೆ, ಆಗ ನಿಬ್ಬಿಗೆ ಒತ್ತಿ ಹಿಡಿದರೆ ಅದರ ಆಕಾರಕ್ಕೆ ಅಂಟಿಕೊಂಡು ಕೂರುತ್ತದೆ. ಪ್ಲಾಸ್ಟಿಕ್ ನಾಲಿಗೆಗೆ ಇದು ಹೊಂದುವುದಿಲ್ಲ. ಎಬೊನೈಟಿನ ಪೆನ್ನು ಎಂದರೆ ರಾಜಮಂಡ್ರಿಯ ರತ್ನಂ ಅವರನ್ನು ನೆನೆಯಬೇಕು. ಸ್ವದೇಶಿಯ ಕಾಲದಲ್ಲಿ ಪರದೇಶದ ಭಾಗಗಳಿಲ್ಲದ ಪೆನ್ನು ಮಾಡಲು ಹೊರಟು, 1935ರಲ್ಲಿ ಗಾಂಧೀಜಿಯಿಂದ ಮೆಚ್ಚುಗೆಯ ಪತ್ರ ಪಡೆದ ಮನೆತನ. ಇಂಕಿನಲ್ಲೂ ಅದೇ ಕಥೆ: ಬಂಗಾಳದ ಸುಲೇಖಾ ಇಂಕು ಶುರುವಾದದ್ದು 1934ರಲ್ಲಿ, ಅದೇ ಸ್ವದೇಶಿಯ ಹುರುಪಿನಲ್ಲಿ. ಚಳವಳಿಯ ಕರಪತ್ರವನ್ನು ಪರದೇಶಿ ಪೆನ್ನು, ಪರದೇಶಿ ಇಂಕಿನಲ್ಲಿ ಬರೆಯಲು ಮುಜುಗರ ಆಗಿರಬೇಕು.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಪೆನ್ನು ಪರೀಕ್ಷಿಸುವಾಗ ನಾವು ಏನು ಬರೆಯುತ್ತೇವೆ? ಹತ್ತರಲ್ಲಿ ಒಂಬತ್ತು ಜನ ತಮ್ಮ ಇಂಗ್ಲಿಷ್ ಸಹಿ ಹಾಕುತ್ತಾರೆ. ಸಹಿ ಕೈಗೆ ಎಷ್ಟು ರೂಢಿಯಾಗಿರುತ್ತದೆ ಎಂದರೆ ಅದು ಕಡ್ಡಿಯಲ್ಲೂ ಬರುತ್ತದೆ. ಕನ್ನಡ ಬರೆಯುವ ಪೆನ್ನನ್ನು ಕನ್ನಡದಲ್ಲೇ ನೋಡಬೇಕು. ನಮ್ಮ ಅಕ್ಷರ ದುಂಡು. ಒಂದೊಂದು ಅಕ್ಷರದಲ್ಲೂ ನಿಬ್ಬು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸುತ್ತಿ ಬರುತ್ತದೆ. ಕೆಳಮುಖವಾಗಿ ಎಳೆಯುವಾಗ ನುಣುಪಾಗಿದ್ದು ಮೇಲ್ಮುಖವಾಗಿ ತಳ್ಳುವಾಗ ಕೆರೆಯುವ ನಿಬ್ಬು ಇಂಗ್ಲಿಷಿನಲ್ಲಿ ಹೇಗೋ ತಪ್ಪಿಸಿಕೊಂಡೀತು, ಕನ್ನಡದ ‘ಲ’ ‘ಖ’ಗಳಲ್ಲಿ ಸಿಕ್ಕಿಬೀಳುತ್ತದೆ.

ಗೆರೆಯ ದಪ್ಪವೂ ಹಾಗೇ. ‘ಅರ್ಥ’, ‘ಅರ್ಧ’ ಎಂದು ಪಕ್ಕಪಕ್ಕ ಬರೆಯಿರಿ. ಎರಡಕ್ಕೂ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ಪಾಠ’, ‘ಪಾರ’ ಬರೆಯಿರಿ, ಅಲ್ಲೂ ಒಂದು ಚುಕ್ಕೆ. ದಪ್ಪ ನಿಬ್ಬು, ಇಂಕು ಹೀರುವ ಕಾಗದ ಎರಡೂ ಸೇರಿದರೆ ಆ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡು ಹೊಟ್ಟೆಯೇ ಮುಚ್ಚಿಹೋಗುತ್ತದೆ. ಉತ್ತರ ಪತ್ರಿಕೆ ತಿದ್ದಿದವರಿಗೆ ಈ ಕಷ್ಟ ಗೊತ್ತು. ಆಮೇಲೆ ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’. ಒತ್ತಕ್ಷರದ ಕೆಳಗೆ ಒತ್ತಕ್ಷರ. ಸಾಮಾನ್ಯ ಗೆರೆ ಪುಸ್ತಕದಲ್ಲಿ ಎರಡು ಗೆರೆಗಳ ನಡುವಿನ ಎಂಟು ಮಿಲಿಮೀಟರಿನಲ್ಲಿ ಮೇಲಿನ ಗುಡಿಸು, ನಡುವಿನ ಅಕ್ಷರ, ಕೆಳಗಿನ ಎರಡು ಒತ್ತು ಎಲ್ಲ ಹಿಡಿಸಬೇಕು. ಸಣ್ಣ ನಿಬ್ಬಿನಲ್ಲಿ ಹಿಡಿಸುತ್ತದೆ. ಚೀನಾ, ಜಪಾನಿನ ಪೆನ್ನುಗಳ ಸಣ್ಣ ನಿಬ್ಬು ನಮ್ಮ ಲಿಪಿಗೆ ಒಗ್ಗುವುದು ಆಶ್ಚರ್ಯವಲ್ಲ. ಅವರದ್ದೂ ಚಿಕ್ಕ ಚೌಕದಲ್ಲಿ ಹತ್ತಾರು ಗೆರೆ ತುಂಬಿಸುವ ಲಿಪಿಯೇ. ದಪ್ಪ ನಿಬ್ಬು ಕೆಟ್ಟದ್ದೆಂದಲ್ಲ. ಕವರಿನ ಮೇಲೆ ವಿಳಾಸ ಬರೆಯಲು, ಮದುವೆ ಉಡುಗೊರೆಯ ಮೇಲೆ ಹೆಸರು ಬರೆಯಲು ಅದೇ ಚೆಂದ. ಮಕ್ಕಳ ನೋಟ್ಸಿಗೆ ಬೇಡ.

ಕಾಗದದ ಬಗ್ಗೆ. ಪೆನ್ನಿನ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ವಾಸ್ತವವಾಗಿ ಕಾಗದದ ದೂರು. ದಪ್ಪ ಕಾಗದ ಎಂದರೆ ಒಳ್ಳೆಯ ಕಾಗದ ಎಂಬ ನಂಬಿಕೆ ಇದೆ, ಪೂರ್ತಿ ನಿಜವಲ್ಲ. ಇಂಕು ಕವಲೊಡೆದು ಹರಡುವುದು ಕಾಗದಕ್ಕೆ ಮಾಡುವಾಗ ಎಷ್ಟು ಗಂಜಿ, ರಾಳ ಸೇರಿಸಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಗಂಜಿ ಇಲ್ಲದ ಕಾಗದ ಎಷ್ಟು ದಪ್ಪ ಇದ್ದರೂ ಒತ್ತುಕಾಗದವೇ. ನಮ್ಮ ಪಕ್ಕದ ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಇತ್ತಲ್ಲ, ಇಲ್ಲಿ ಕೂತ ಕೆಲವರ ಮನೆಯವರೇ ಅಲ್ಲಿ ದುಡಿದವರು, ಅವರನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಕಬ್ಬಿನ ಸಿಪ್ಪೆಯಿಂದ ಮಾಡಿದ ಕಾಗದ ಇಂಕು ಪೆನ್ನಿಗೆ ಚೆನ್ನಾಗಿ ಒಗ್ಗುತ್ತದೆ ಎನ್ನುವುದು ನನ್ನ ಅನುಭವ. ಜೆರಾಕ್ಸ್ ಅಂಗಡಿಯಲ್ಲಿ ಒಂದೆರಡು ಹಾಳೆ ಕೇಳಿ ಪಡೆದು ಬರೆದು ನೋಡಿ.

ಇಂಕಿನದು ಸುಲಭ. ಕ್ಯಾಮೆಲ್, ಬ್ರಿಲ್, ಚೆಲ್‌ಪಾರ್ಕ್, ಸುಲೇಖಾ, ನಿಮ್ಮ ಊರಿನಲ್ಲಿ ಯಾವುದು ಸಿಗುತ್ತದೋ ಅದು. ಹೊಸ ಪೆನ್ನಿಗೆ ಮೊದಲು ನೀಲಿ ಹಾಕಿ, ತೊಳೆಯಲು ಸುಲಭ. ರಾಯಲ್ ಬ್ಲೂ ನೀರು ತಾಗಿದರೆ ಹೋಗುತ್ತದೆ. ಬಟ್ಟೆಗೆ ಅದು ಅನುಕೂಲ, ಅರ್ಜಿಗೆ ಅನಾನುಕೂಲ. ಚೆಕ್ಕು, ದಾಖಲೆಗಳಿಗೆ ಅದನ್ನು ಬಳಸಬೇಡಿ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕನ್ನು ಯಾವ ಕಾರಣಕ್ಕೂ ತುಂಬಿಸಬಾರದು, ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ನಾಲಿಗೆಯ ಗೆರೆ ಶಾಶ್ವತವಾಗಿ ಮುಚ್ಚುತ್ತದೆ. ಸ್ಟಾಂಪ್ ಪ್ಯಾಡಿನ ಇಂಕೂ ಬೇಡ. ಮೈಸೂರಿನ ಕಡೆ ಎಲ್ಲಿ ಮಾತಾಡಿದರೂ ಯಾರಾದರೊಬ್ಬರು ತಮಾಷೆಗೆ ಚುನಾವಣೆಯ ಇಂಕು ಹಾಕಬಹುದಾ ಎಂದು ಕೇಳುತ್ತಾರೆ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನವರು 1962ರ ಚುನಾವಣೆಯಿಂದ ಮಾಡಿಕೊಡುತ್ತಿರುವ ಆ ಇಂಕಿನಲ್ಲಿ ಇರುವುದು ಸಿಲ್ವರ್ ನೈಟ್ರೇಟು. ಚರ್ಮಕ್ಕೆ ಹತ್ತಿ ಬೆಳಕಿಗೆ ಕಪ್ಪಾಗುವ ಸಾಮಾನು ಅದು. ಬೆರಳಿಗೇ ಇರಲಿ.

ಇನ್ನು ಪ್ರಶ್ನೆಗಳು.

ಉಡುಪಿಯಿಂದ ಬಂದಿದ್ದ ಒಬ್ಬರು ಶಿಕ್ಷಕಿ ಕೇಳಿದರು: “ಫಿಲ್ಲರ್ ಪೆನ್ನು ಊರಲ್ಲಿ ಚೆನ್ನಾಗಿಯೇ ಬರೆಯುತ್ತದೆ ಸಾರ್, ಆಗುಂಬೆ ಘಾಟಿ ಹತ್ತಿ ಇಲ್ಲಿಗೆ ಬಂದು ಕ್ಯಾಪು ತೆಗೆದರೆ ಒಳಗೆಲ್ಲ ಇಂಕು. ಪೆನ್ನು ಒಡೆದಿದೆಯಾ?” ಒಡೆದಿಲ್ಲ ಮೇಡಂ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ಉಡುಪಿಗಿಂತ ಹೆಚ್ಚುಕಡಿಮೆ 7% ಕಡಿಮೆ. ನಿಮ್ಮ ಪೆನ್ನಿನ ಕೊಳವೆಯಲ್ಲಿ ಇಂಕು ಅರ್ಧ ಖಾಲಿಯಾಗಿ 2 ಮಿಲಿಲೀಟರ್ ಗಾಳಿ ತುಂಬಿದೆ ಅಂದುಕೊಳ್ಳಿ. ಹೊರಗಿನ ಒತ್ತಡ ತಗ್ಗಿದಾಗ ಆ ಗಾಳಿ ಹಿಗ್ಗಿ 2.15 ಮಿಲಿಲೀಟರ್ ಆಗುತ್ತದೆ. ಹೆಚ್ಚಿನ 0.15 ಮಿಲಿಲೀಟರಿಗೆ ಜಾಗ ಬೇಕಲ್ಲ, ಅಷ್ಟು ಇಂಕನ್ನು ಹೊರಗೆ ತಳ್ಳುತ್ತದೆ. ಒಂದು ತೊಟ್ಟು ಸುಮಾರು 0.05 ಮಿಲಿಲೀಟರ್. ಮೂರು ತೊಟ್ಟು ಇಂಕು ಕ್ಯಾಪಿನೊಳಗೆ. ಉಪಾಯ ಎರಡು: ಘಾಟಿ ಹತ್ತುವ ಮುಂಚೆ ಪೆನ್ನು ಪೂರ್ತಿ ತುಂಬಿಸಿ, ಆಗ ಹಿಗ್ಗಲು ಒಳಗೆ ಗಾಳಿಯೇ ಇರುವುದಿಲ್ಲ. ಇಲ್ಲವೇ ನಿಬ್ಬು ಮೇಲೆ ಮಾಡಿ ನಿಲ್ಲಿಸಿಟ್ಟುಕೊಳ್ಳಿ, ಆಗ ಇಂಕಿನ ಬದಲು ಗಾಳಿ ಹೊರಗೆ ಹೋಗುತ್ತದೆ. ಬ್ಯಾಗಿನಲ್ಲಿ ಅಡ್ಡ ಹಾಕಬೇಡಿ. ವಿಮಾನದಲ್ಲೂ ಇದೇ ನಿಯಮ.

ಘಾಟಿ ಹತ್ತದೆಯೂ ಇದು ಆಗುತ್ತದೆ, ಯಾಕೆಂದರೆ ನಮ್ಮ ಕೈ ಬಿಸಿ. 25 ಡಿಗ್ರಿಯಲ್ಲಿದ್ದ ಪೆನ್ನು ಕೈಯಲ್ಲಿ 33 ಡಿಗ್ರಿಗೆ ಏರಿದರೆ ಅದೇ 2 ಮಿಲಿಲೀಟರ್ ಗಾಳಿ ಒಂದು ತೊಟ್ಟಿನಷ್ಟು ಹಿಗ್ಗುತ್ತದೆ. ಬರೆಯುತ್ತಾ ಬರೆಯುತ್ತಾ ಇದ್ದಕ್ಕಿದ್ದಂತೆ ಪುಟದ ಮಧ್ಯೆ ತೊಪ್ಪೆಂದು ಬೀಳುವ ಆ ತೊಟ್ಟು ಇದೇ. ಆದ್ದರಿಂದ ಫಿಲ್ಲರ್ ಪೆನ್ನನ್ನು ಮುಕ್ಕಾಲು ಖಾಲಿಯಾಗುವವರೆಗೆ ಬಿಡಬಾರದು. ಕೊಳವೆಯ ತಿರುಪಿನಲ್ಲಿ ಸೋರಿದರೆ ಕೊಳಾಯಿ ಕೆಲಸದವರ ಬಿಳಿ ಟೆಫ್ಲಾನ್ ಟೇಪು ಒಂದು ಸುತ್ತು ಸುತ್ತಿ, ಸೋರುವುದು ನಿಲ್ಲುತ್ತದೆ.

ಒಬ್ಬ ತಂದೆ, “ಮಗಳು ಆರನೇ ಕ್ಲಾಸು, ಯಾವ ಪೆನ್ನು ಕೊಡಿಸಲಿ?” ಎಂದರು. ಮೊದಲ ಪೆನ್ನಾದರೆ ಕಾರ್ಟ್ರಿಜ್‌ನದ್ದೇ ಕೊಡಿಸಿ. ಗಾಳಿ ಕಮ್ಮಿ, ಸೋರುವುದು ಕಮ್ಮಿ. ಖಾಲಿ ಕಾರ್ಟ್ರಿಜ್ಜನ್ನು ಎಸೆಯಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜಿನಿಂದ ಬಾಟಲಿಯ ಇಂಕನ್ನೇ ಅದಕ್ಕೆ ತುಂಬಿಸಬಹುದು. ಸೂಜಿಯ ಕೆಲಸ, ದೊಡ್ಡವರೇ ಮಾಡಿ. ಪೆನ್ನು ಒಂದರ ಬದಲು ಎರಡು ತನ್ನಿ, ಒಂದೇ ತರಹದ್ದು. ಒಂದು ಸರಿ ಬರೆಯದಿದ್ದರೆ ದೋಷ ಪೆನ್ನಿನದೋ ಕೈಯದೋ ಎಂದು ಹೋಲಿಸಿ ನೋಡಬಹುದು. ಮಗುವಿಗೆ ಹೇಳಿಕೊಡಬೇಕಾದ್ದು ಒಂದೇ: ಒತ್ತಬೇಡ. ಬಾಲ್ ಪೆನ್ನಿನ ರೂಢಿಯಲ್ಲಿ ಒತ್ತಿ ಬರೆದರೆ ನಿಬ್ಬಿನ ಕಾಲುಗಳು ಅಗಲಿ, ಇಂಕು ನಿಂತು, ಇನ್ನೂ ಒತ್ತುವಂತಾಗುತ್ತದೆ.

“ಐದು ರೂಪಾಯಿಗೆ ಬಾಲ್ ಪೆನ್ನು ಸಿಗುವಾಗ ಇಷ್ಟೆಲ್ಲ ಯಾಕೆ?” ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅವಸರವಿದ್ದರೆ, ಮಳೆಯಲ್ಲಿ ನಿಂತು ಬರೆಯಬೇಕಿದ್ದರೆ, ಕಾರ್ಬನ್ ಹಾಳೆ ಇಟ್ಟು ಬರೆಯಬೇಕಿದ್ದರೆ ಬಾಲ್ ಪೆನ್ನೇ ಸರಿ, ನನ್ನ ಜೇಬಿನಲ್ಲೂ ಒಂದಿದೆ. ಆದರೆ ಒಂದು ಗಂಟೆ ಕೂತು ಬರೆಯುವ ಕೆಲಸವಿದ್ದರೆ ಒತ್ತದೆ ಬರೆಯುವ ಪೆನ್ನಿನಲ್ಲಿ ಬೆರಳು ನೋಯುವುದಿಲ್ಲ, ಅದು ನನಗೆ ಸಾಕು. ಅಕ್ಷರ ದುಂಡಗಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ನನ್ನದೇ ಆಗಿಲ್ಲ.

ಎಡಗೈಯವರು ಏನು ಮಾಡಬೇಕೆಂದು ಒಬ್ಬ ಹುಡುಗಿ ಚೀಟಿ ಕಳಿಸಿದ್ದಳು. ಎಡದಿಂದ ಬಲಕ್ಕೆ ಬರೆಯುವಾಗ ಎಡಗೈ ಒದ್ದೆ ಇಂಕಿನ ಮೇಲೇ ಸಾಗುತ್ತದೆ, ನಿಬ್ಬನ್ನು ಎಳೆಯುವ ಬದಲು ತಳ್ಳಬೇಕಾಗುತ್ತದೆ. ಸಣ್ಣ ನಿಬ್ಬು, ಬೇಗ ಒಣಗುವ ಕಾಗದ ಎರಡೂ ಬೇಕು. ಇಲ್ಲಿ ಇಂಕನ್ನು ಸ್ವಲ್ಪ ಹೀರುವ ಅಗ್ಗದ ನೋಟ್‌ಬುಕ್ಕೇ ನಿನಗೆ ಅನುಕೂಲ ಮಗಳೇ, ಬೆಲೆಯ ನುಣುಪು ಕಾಗದ ಬೇಡ. ಕೈಯನ್ನು ಸಾಲಿನ ಕೆಳಗೆ ಇಟ್ಟು, ಪುಸ್ತಕವನ್ನು ಬಲಕ್ಕೆ ಓರೆ ಮಾಡಿಕೊಂಡು ಬರೆದು ನೋಡು. ಅಂಗಡಿಯಲ್ಲಿ ಪೆನ್ನು ನೋಡುವಾಗಲೂ ಎಡಗೈಯಲ್ಲೇ ಎಂಟರ ಅಂಕಿ ಬರೆ, ಅಂಗಡಿಯವರ ಬಲಗೈಗೆ ನುಣುಪಾಗಿದ್ದದ್ದು ನಿನಗೆ ಕೆರೆಯಬಹುದು.

ಕೊನೆಯ ಪ್ರಶ್ನೆ, ಬೇಸಿಗೆ ರಜೆಯಲ್ಲಿ ಪೆನ್ನನ್ನು ಏನು ಮಾಡುವುದು ಎಂದು. ಇಂಕು ತುಂಬಿಸಿ ಇಡಬೇಡಿ, ನೀರು ಆರಿ ಬಣ್ಣ ಮಾತ್ರ ಉಳಿದು ಗಟ್ಟಿಯಾಗುತ್ತದೆ. ಉಳಿದ ಇಂಕನ್ನು ಮತ್ತೆ ಬಾಟಲಿಗೆ ಸುರಿಯಬೇಡಿ, ಚೆಲ್ಲಿ. ನೀರು ತಿಳಿಯಾಗುವವರೆಗೆ ತೊಳೆದು, ಹಳೆಯ ಪಂಚೆಯ ತುಂಡಿನ ಮೇಲೆ ನಿಬ್ಬು ಕೆಳಗೆ ಮಾಡಿ ಒಂದು ಲೋಟದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬಟ್ಟೆಯೇ ಒಳಗಿನ ತೇವವನ್ನು ಎಳೆದುಕೊಳ್ಳುತ್ತದೆ. ಬಿಸಿನೀರು ಮಾತ್ರ ಬೇಡ, ಅಗ್ಗದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.